ಬಿಸಿಯಾದರೆ ನಿಲ್ಲುತ್ತದೆ, ಟೀ ಕುಡಿದು ಬಂದರೆ ಓಡುತ್ತದೆ: ನೂರು ಸಿಸಿ ಗಾಡಿಯ ದೋಷ ಹುಡುಕುವ ಬಗೆ

ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಹದಿನೈದು ಇಪ್ಪತ್ತು ಕಿಲೋಮೀಟರ್ ಯಾವ ತಕರಾರೂ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಬಂದ್. ಕಿಕ್ ಹೊಡೆದೂ ಹೊಡೆದೂ ಕಾಲು ನೋವು ಬರುತ್ತದೆ, ಗಾಡಿ ಮಾತ್ರ ಏಳುವುದಿಲ್ಲ. ಬೇಸತ್ತು ಪಕ್ಕದ ಅಂಗಡಿಯಲ್ಲಿ ಟೀ ಕುಡಿದು ಬಂದು ಸುಮ್ನೆ ಒಂದು ಕಿಕ್ ಹೊಡೆದರೆ, ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್. ಗ್ಯಾರೇಜಿಗೆ ತಗೊಂಡು ಹೋದರೆ ಮೆಕ್ಯಾನಿಕ್ ಒಂದು ಸುತ್ತು ಹೊಡೆದು ಬಂದು, "ಚೆನ್ನಾಗೇ ಇದೆಯಲ್ಲ ಸಾರ್" ಅನ್ನುತ್ತಾನೆ.

ನನಗೆ ಇದು ಆಗಿದ್ದು ಹಿರಿಯೂರು–ಚಿತ್ರದುರ್ಗ ರಸ್ತೆಯಲ್ಲಿ, ಏಪ್ರಿಲ್ ಬಿಸಿಲಿನಲ್ಲಿ. ದಿನಾ ಹೋಗಿ ಬರುವ ದಾರಿ. ಐಮಂಗಲದ ಆಸುಪಾಸಿನಲ್ಲಿ ಎಲ್ಲಾದರೂ ಒಂದು ಕಡೆ ನಿಂತೇ ನಿಲ್ಲುತ್ತಿತ್ತು. ಮೂರು ವಾರದಲ್ಲಿ ಪ್ಲಗ್ ಬದಲಾಯಿತು. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆದದ್ದಾಯಿತು. ಏರ್ ಫಿಲ್ಟರ್ ಹೊಸದು ಬಂತು. ಕೊನೆಗೆ ಪ್ಲಗ್ಗಿನ ಕಿಡಿಯನ್ನು ನಡೆಸುವ ಸಿಡಿಐ ಡಬ್ಬಿ ಕೂಡ ಹೊಸದಾಯಿತು. ಪ್ರತಿ ಸಲವೂ "ಈಗ ಸರಿಹೋಯ್ತು" ಅನ್ನಿಸಿತು, ಯಾಕೆಂದರೆ ಪ್ರತಿ ಸಲವೂ ಬಿಚ್ಚಿ ಜೋಡಿಸುವಷ್ಟರಲ್ಲಿ ಗಾಡಿ ತಣ್ಣಗಾಗಿರುತ್ತಿತ್ತು. ತಣ್ಣಗಿದ್ದ ಗಾಡಿ ಹೇಗಿದ್ದರೂ ಓಡುತ್ತದೆ. ನಾವು ಹಾಕಿದ ಹೊಸ ಸಾಮಾನಿಗೆ ಸುಮ್ಮನೆ ಹೆಸರು ಬಂತು ಅಷ್ಟೇ.

ಈ ಜಾತಿಯ ದೋಷದಲ್ಲಿ ಎಲ್ಲರೂ ಎಡವುವುದು ಇಲ್ಲೇ. ದೋಷ ಇರುವುದು ಗಾಡಿ ನಿಂತ ಮೇಲಿನ ಹತ್ತು ಹದಿನೈದು ನಿಮಿಷ ಮಾತ್ರ. ಪರೀಕ್ಷೆ ಮಾಡಬೇಕಾದದ್ದೂ ಆಗಲೇ, ಅದೇ ಜಾಗದಲ್ಲಿ. ಗ್ಯಾರೇಜಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಸಾಕ್ಷಿ ಹೋಗಿರುತ್ತದೆ.

ಇಲ್ಲಿ ಹೇಳುವುದೆಲ್ಲ ಕಾರ್ಬೊರೇಟರ್ ಇರುವ 100–110 ಸಿಸಿ ನಾಲ್ಕು ಸ್ಟ್ರೋಕ್ ಗಾಡಿಗಳಿಗೆ. 1985ರಲ್ಲಿ ಹೀರೋ ಹೊಂಡಾ ಸಿಡಿ 100 ಬಂದಾಗಿನಿಂದ ನಮ್ಮ ಊರುಗಳಲ್ಲಿ ಓಡುತ್ತಿರುವ ಜಾತಿ ಇದು. ಸ್ಪ್ಲೆಂಡರ್, ಪ್ಲಾಟಿನಾ, ಸ್ಟಾರ್ ಸಿಟಿ ಎಲ್ಲ ಅದೇ ಬಳಗ. ಗಾಳಿಯಲ್ಲೇ ತಣ್ಣಗಾಗುವ ಒಂಟಿ ಸಿಲಿಂಡರ್, ಮೇಲೆ ಟ್ಯಾಂಕ್, ಕೆಳಗೆ ಕಾರ್ಬೊರೇಟರ್, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಕಾರ್ಬೊರೇಟರ್ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಅವುಗಳಲ್ಲಿ ಪಂಪ್, ಸೆನ್ಸರ್ ಅಂತ ಬೇರೆಯದೇ ಲೋಕ. ಟ್ಯಾಪೆಟ್ಟಿನ, ಅಂದರೆ ಇಂಜಿನ್ ವಾಲ್ವಿನ ತಲೆಯ ಮೇಲೆ ಬಿಡುವ ಸಂದಿನ ಮಾತು ಮಾತ್ರ ಅವಕ್ಕೂ ಅನ್ವಯಿಸುತ್ತದೆ.

ಜೊತೆಯಲ್ಲಿ ಏನಿರಬೇಕು

ಪ್ಲಗ್ ಸ್ಪ್ಯಾನರ್, ಕೆಲಸ ಮಾಡುತ್ತದೆ ಅಂತ ಖಾತ್ರಿಯಿರುವ ಇನ್ನೊಂದು ಪ್ಲಗ್, ಸ್ಕ್ರೂಡ್ರೈವರ್, ಸಣ್ಣ ಪಾರದರ್ಶಕ ಬಾಟಲಿ, ಎರಡು ಹಳೇ ಬಟ್ಟೆ, ಕುಡಿಯುವ ನೀರು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಅಗ್ಗದ ಮಲ್ಟಿಮೀಟರ್ ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೂ ನಡೆಯುತ್ತದೆ, ಒದ್ದೆ ಬಟ್ಟೆಯ ಒಂದು ಉಪಾಯ ಮುಂದೆ ಹೇಳುತ್ತೇನೆ. ಎಲ್ಲವೂ ಸೈಡ್ ಡಬ್ಬಿಯಲ್ಲಿ ಹಿಡಿಸುತ್ತದೆ.

ಹೇಗೆ ನಿಂತಿತು ಅನ್ನುವುದೇ ಅರ್ಧ ಉತ್ತರ

ಇಳಿದು ಕಿಕ್ ಹೊಡೆಯುವ ಮೊದಲು ಒಂದು ಕ್ಷಣ ನೆನಪಿಸಿಕೊಳ್ಳಿ. ಕೀ ತಿರುಗಿಸಿದ ಹಾಗೆ ಒಂದೇ ಏಟಿಗೆ ಆಫ್ ಆಯಿತಾ? ಅಥವಾ ಮೊದಲು ಎಳೆತ ಕಮ್ಮಿಯಾಗಿ, ಎಕ್ಸಲರೇಟರ್ ಕೊಟ್ಟರೂ ಮುಕ್ಕುತ್ತಾ, ನೂರಿನ್ನೂರು ಮೀಟರ್ ತೆವಳಿ ಆಮೇಲೆ ನಿಂತಿತಾ? ಒಂದೇ ಏಟಿಗೆ ಆಫ್ ಆದರೆ ಅನುಮಾನ ಕರೆಂಟಿನ ಮೇಲೆ. ತೆವಳಿ ನಿಂತರೆ ಪೆಟ್ರೋಲ್ ಮೇಲೆ. ತೆವಳುವಾಗ ಚೋಕ್ ಎಳೆದರೆ ಒಂದೆರಡು ಕ್ಷಣ ಜೀವ ಬಂದ ಹಾಗಾದರೆ, ಪೆಟ್ರೋಲ್ ಸಾಲುತ್ತಿಲ್ಲ ಅಂತ ಗಟ್ಟಿಯಾಗಿಯೇ ಹೇಳಬಹುದು.

ಇನ್ನೊಂದು ಬಗೆ ಇದೆ. ಓಡುವಾಗ ಚೆನ್ನಾಗಿರುತ್ತದೆ, ಸಿಗ್ನಲ್ಲಿನಲ್ಲೋ ಹಂಪ್ ಹತ್ತಿರವೋ ಎಕ್ಸಲರೇಟರ್ ಬಿಟ್ಟ ಕೂಡಲೇ ಆಫ್. ಐಡಲ್ ಸ್ಕ್ರೂ ಎಷ್ಟು ತಿರುಗಿಸಿದರೂ ಬಿಸಿಯಲ್ಲಿ ಇಂಜಿನ್ ಐಡಲ್‌ನಲ್ಲಿ ಓಡುತ್ತಾ ಇರುವುದಿಲ್ಲ. ಅದು ಟ್ಯಾಪೆಟ್ಟಿನ ಲಕ್ಷಣ.

ನಿಲ್ಲುವ ಮೊದಲು ಸೈಲೆನ್ಸರಿನಿಂದ ಢಬ್ ಅಂತ ಸದ್ದು ಬಂತಾ ಅನ್ನುವುದೂ ಮುಖ್ಯ. ಕರೆಂಟ್ ಮಧ್ಯೆ ಮಧ್ಯೆ ತಪ್ಪಿದಾಗ ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಕೂರುತ್ತದೆ. ಮತ್ತೆ ಕಿಡಿ ಬಂದಾಗ ಅದು ಅಲ್ಲೇ ಹೊತ್ತಿಕೊಳ್ಳುತ್ತದೆ. ನನ್ನ ಗಾಡಿ ಎರಡು ಸಲ ಹೀಗೆ ಢಬ್ ಅಂದಿತ್ತು. ನಾನು ಅದನ್ನು ಮೆಕ್ಯಾನಿಕ್‌ಗೆ ಹೇಳಲೇ ಇಲ್ಲ, ಮುಖ್ಯ ಅನ್ನಿಸಿರಲಿಲ್ಲ.

ಮತ್ತೊಂದು, ಇದು ಎಚ್ಚರಿಕೆ. ನಿಲ್ಲುವಾಗ ಇಂಜಿನ್ ಭಾರವಾಗಿ, ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಅನ್ನಿಸಿದರೆ, ಕಿಕ್ ಕೂಡ ಗಟ್ಟಿಯಾಗಿ ಇಳಿಯದೇ ಹೋದರೆ, ಮುಂದಿನದೇನನ್ನೂ ಓದಬೇಡಿ. ಮೊದಲು ಆಯಿಲ್ ನೋಡಿ. ಪಿಸ್ಟನ್ ಹಿಡಿಯುತ್ತಿರಬಹುದು. ಈ ಗಾಡಿಗಳಲ್ಲಿ ಇರುವುದೇ ಸುಮಾರು ಒಂದು ಲೀಟರ್ ಆಯಿಲ್. ಅದರಲ್ಲಿ ಅರ್ಧ ಉರಿದು ಹೋಗಿದ್ದರೆ ಕೇಳಬೇಕಾ. ಅಂಥ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಬೇಡಿ.

ಮೊದಲು ಟ್ಯಾಂಕಿನ ಮುಚ್ಚಳ

ನಿಂತ ತಕ್ಷಣ ಮೊದಲ ಕೆಲಸ ಟ್ಯಾಂಕಿನ ಮುಚ್ಚಳ ತೆಗೆಯುವುದು. ಕಿವಿ ಹತ್ತಿರ ಇಟ್ಟುಕೊಂಡು ತೆಗೆಯಿರಿ. "ಸ್ಸ್" ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂತಾ? ಬಂದರೆ ಮುಚ್ಚಳ ಹಾಕಿ, ಒಂದು ನಿಮಿಷ ಬಿಟ್ಟು ಕಿಕ್ ಹೊಡೆಯಿರಿ. ಎದ್ದರೆ ಕಾರಣ ಸಿಕ್ಕಿತು.

ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಗಾಳಿ ಬರುವುದು ಮುಚ್ಚಳದಲ್ಲಿರುವ ಸಣ್ಣ ರಂಧ್ರದಿಂದ. ಅಲ್ಲಿ ಧೂಳು, ತುಕ್ಕು, ಗಾಡಿ ತೊಳೆದಾಗಿನ ಶಾಂಪೂ, ಪಾಲಿಶ್ ಸೇರಿಕೊಂಡರೆ ಟ್ಯಾಂಕಿನೊಳಗೆ ಎಳೆತ ಹುಟ್ಟುತ್ತದೆ, ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಕ್ಯಾನಿನ ಬಾಯಿಗೆ ಕೈ ಅಡ್ಡ ಹಿಡಿದು ನೀರು ಸುರಿದ ಹಾಗೆ. ಸಿಡಿ 100 ಕಾಲದ ಹೆಸರುವಾಸಿ ಜಾಹೀರಾತು ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಅನ್ನುತ್ತಿತ್ತು. ನಾವು ಮುಚ್ಚಳವನ್ನೂ ಮರೆತೆವು.

ಇಲ್ಲೊಂದು ಮೋಸ ಇದೆ. ಗಾಡಿ ಹತ್ತು ಹದಿನೈದು ನಿಮಿಷ ನಿಂತರೆ ಗಾಳಿ ಹೇಗೋ ನುಸುಳಿ ಒಳಗೆ ಸೇರುತ್ತದೆ. ಆಗ ಗಾಡಿ ಏಳುತ್ತದೆ. ನಾವು "ಬಿಸಿಯಾಗಿತ್ತು, ತಣ್ಣಗಾಯಿತು" ಅಂದುಕೊಳ್ಳುತ್ತೇವೆ. ನಿಜವಾಗಿ ಬಿಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಬೇಕಾಗಿದ್ದದ್ದು ತಂಪಲ್ಲ, ಸಮಯ. ಇದನ್ನು ಪತ್ತೆ ಹಚ್ಚಲು ಇನ್ನೊಂದು ಸುಳಿವು: ಟ್ಯಾಂಕ್ ಫುಲ್ ಮಾಡಿಸಿದ ದಿನ ಬೇಗ ನಿಲ್ಲುತ್ತದೆ, ಖಾಲಿಯಾಗುತ್ತಾ ಬಂದಾಗ ದೂರ ಓಡುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಮ್ಮಿ, ಹಾಗಾಗಿ ಸ್ವಲ್ಪ ಪೆಟ್ರೋಲ್ ಇಳಿದರೂ ಎಳೆತ ಜೋರಾಗುತ್ತದೆ.

ರಿಪೇರಿಗೆ ಖರ್ಚೇ ಇಲ್ಲ. ಮುಚ್ಚಳ ಬಿಚ್ಚಿ, ರಂಧ್ರಕ್ಕೆ ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ. ದೊಡ್ಡ ತೂತು ಕೊರೆಯಬೇಡಿ, ಮಳೆ ನೀರು ಒಳಗೆ ಹೋಗುತ್ತದೆ.

ನನ್ನ ಗಾಡಿಯಲ್ಲಿ ಮುಚ್ಚಳ ತೆಗೆದಾಗ ಸಣ್ಣಗೆ "ಸ್ಸ್" ಅಂದಿತ್ತು. ಸಿಕ್ಕೇಬಿಟ್ಟಿತು ಅಂತ ಖುಷಿಯಾಗಿ ತೊಳೆದೆ. ಎರಡು ದಿನ ಓಡಿತು. ಮೂರನೇ ದಿನ ಮತ್ತೆ ಅದೇ ಐಮಂಗಲ. ಒಂದು ಗಾಡಿಯಲ್ಲಿ ಎರಡು ದೋಷ ಇರಬಾರದು ಅಂತ ಕಾನೂನೇನೂ ಇಲ್ಲವಲ್ಲ.

ಕೈಯಲ್ಲಿ ಕಿಕ್ ಒತ್ತಿ ನೋಡುವುದು

ಮುಂದಿನದು ಹತ್ತು ಸೆಕೆಂಡಿನ ಕೆಲಸ. ಕೀ ಆಫ್ ಇಟ್ಟು, ಕಿಕ್ಕರನ್ನು ಕಾಲಿನ ಬದಲು ಕೈಯಲ್ಲಿ ನಿಧಾನ ಒತ್ತಿ. ಒಂದು ಜಾಗದಲ್ಲಿ ಗಟ್ಟಿಯಾಗಿ ತಡೆಯಬೇಕು. ಅದೇ ಕಂಪ್ರೆಷನ್. ಬೆಳಿಗ್ಗೆ ತಣ್ಣಗಿದ್ದಾಗ ಎಷ್ಟು ತಡೆಯುತ್ತದೆ ಅಂತ ಒಮ್ಮೆ ನೋಡಿ ನೆನಪಿಟ್ಟುಕೊಂಡಿದ್ದರೆ ಹೋಲಿಸುವುದು ಸುಲಭ. ಬಿಸಿಯಲ್ಲಿ ಕಿಕ್ ಪೊಳ್ಳಾಗಿ, ಬೆಣ್ಣೆಯೊಳಗೆ ಇಳಿದ ಹಾಗೆ ಇಳಿದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಅಂತ ಅರ್ಥ.

ವಾಲ್ವಿನ ಕಂಬಿ ಬಿಸಿಗೆ ಉದ್ದವಾಗುತ್ತದೆ. ಅದಕ್ಕೇ ವಾಲ್ವನ್ನು ಒತ್ತಿ ತೆರೆಯುವ ರಾಕರಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ನೂರು ಸಿಸಿ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ 0.05ರಿಂದ 0.10 ಮಿಲಿಮೀಟರ್. ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ, ಇಲ್ಲವೇ ಅದಕ್ಕಿಂತ ಕಮ್ಮಿ. ನಿಮ್ಮ ಗಾಡಿಯ ಸರಿಯಾದ ಅಳತೆ ಕೈಪಿಡಿಯಲ್ಲಿ ಇರುತ್ತದೆ. ಆ ಸಂದು ಇಲ್ಲವಾದರೆ ಬಿಸಿಯಾದ ವಾಲ್ವ್ ತನ್ನ ಸೀಟಿನ ಮೇಲೆ ಕೂರಲಾರದೆ ಎದ್ದೇ ನಿಲ್ಲುತ್ತದೆ. ಕಂಪ್ರೆಷನ್ ಸೋರುತ್ತದೆ. ತಣ್ಣಗಾದ ಮೇಲೆ ಮತ್ತೆ ಕೂರುತ್ತದೆ, ಗಾಡಿ ಏಳುತ್ತದೆ.

ಇದಕ್ಕೆ ಕಾರಣ ಹೆಚ್ಚಿನ ಸಲ ನಾವೇ. "ಅಣ್ಣ, ಟ್ಯಾಪೆಟ್ ಸೌಂಡ್ ಜಾಸ್ತಿ ಆಗಿದೆ, ಸ್ವಲ್ಪ ಕಮ್ಮಿ ಮಾಡಿ" ಅಂತ ಕೇಳುವವರು ನಾವು. ಮೆಕ್ಯಾನಿಕ್ ಇಂಜಿನ್ ಬಿಸಿಯಿದ್ದಾಗಲೇ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಹಾಳೆ) ಇಲ್ಲದೆ ಅಂದಾಜಿನ ಮೇಲೆ ಟೈಟ್ ಮಾಡುತ್ತಾನೆ. ಸದ್ದು ಹೋಗುತ್ತದೆ. ನಮಗೆ ಸಮಾಧಾನ. ನನ್ನ ಅನುಭವದಲ್ಲಿ ಟಿಕ್ ಟಿಕ್ ಅನ್ನುವ ಟ್ಯಾಪೆಟ್ ಅಷ್ಟೇನೂ ಅಪಾಯವಲ್ಲ. ಅದು ನಾನು ಸಡಿಲ ಇದ್ದೇನೆ ಅಂತ ಬಾಯಿಬಿಟ್ಟು ಹೇಳುತ್ತದೆ. ಟೈಟಾದ ಟ್ಯಾಪೆಟ್ ಏನೂ ಹೇಳುವುದಿಲ್ಲ, ಸುಮ್ಮನೆ ವಾಲ್ವನ್ನು ಸುಡುತ್ತಾ ಇರುತ್ತದೆ. ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡುವುದೇ ಸೀಟಿನ ಮೇಲೆ ಕೂತಾಗ. ಕೂರಲು ಬಿಡದಿದ್ದರೆ ಅದರ ಅಂಚು ಸುಡುತ್ತದೆ. ಆಮೇಲೆ ಹೆಡ್ ಕೆಲಸವೇ ಗತಿ.

ಸರಿ ಮಾಡುವುದು ಮನೆಯಲ್ಲೇ ಆಗುತ್ತದೆ, ಆದರೆ ಇಂಜಿನ್ ರಾತ್ರಿಯೆಲ್ಲ ತಣ್ಣಗಾಗಿರಬೇಕು. ಪ್ಲಗ್ ತೆಗೆದು, ಟಾಪ್ ಗೇರ್ ಹಾಕಿ, ಹಿಂದಿನ ಚಕ್ರ ನಿಧಾನ ತಿರುಗಿಸುತ್ತಾ ಎಡಗಡೆಯ ಮ್ಯಾಗ್ನೆಟ್ (ಇಂಜಿನ್ ಜೊತೆ ತಿರುಗುವ ಚಕ್ರ) ಕವರಿನ ಕಿಂಡಿಯಲ್ಲಿ ಟಿ ಗುರುತನ್ನು ಗೆರೆಗೆ ಸರಿಯಾಗಿ ತನ್ನಿ. ಆಗ ಎರಡೂ ರಾಕರ್ ಬೆರಳಿಗೆ ಸ್ವಲ್ಪ ಅಲ್ಲಾಡಬೇಕು. ಒಂದು ಗಟ್ಟಿ ಹಿಡಿದುಕೊಂಡಿದ್ದರೆ ಇಂಜಿನ್ ಇನ್ನೊಂದು ಪೂರ್ತಿ ಸುತ್ತು ತಿರುಗಬೇಕು, ಅಂದರೆ ಮತ್ತೆ ಟಿ ಗುರುತು ಬರಬೇಕು. ಫೀಲರ್ ಗೇಜ್ ಹಾಳೆ ಸಣ್ಣಗೆ ತಡೆಯುತ್ತಾ ಜಾರುವಷ್ಟು ಇಟ್ಟು ಲಾಕ್ ನಟ್ಟು ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ನಟ್ಟು ತಿರುಗುವಾಗ ಸ್ಕ್ರೂವನ್ನೂ ಜೊತೆಗೆ ಎಳೆದುಕೊಂಡು ಹೋಗಿರುತ್ತದೆ.

ಕರೆಂಟ್ ಬರ್ತಿದೆಯಾ?

ಕಿಕ್ ಚೆನ್ನಾಗಿ ತಡೆದರೆ ಮುಂದೆ ಕಿಡಿ ನೋಡಬೇಕು. ಪೆಟ್ರೋಲಿಗೆ ಕೈ ಹಾಕುವ ಮೊದಲೇ ಇದನ್ನು ಮುಗಿಸಿ. ಪೆಟ್ರೋಲ್ ಚೆಲ್ಲಿಕೊಂಡು ಆಮೇಲೆ ಕಿಡಿ ಹಾರಿಸುವುದು ಬೇಡ. ಟ್ಯಾಂಕಿನ ಮುಚ್ಚಳವೂ ಹಾಕಿರಲಿ.

ಬಿಸಿ ಇಂಜಿನ್ನಿನಿಂದ ಪ್ಲಗ್ ಬಿಚ್ಚುವ ಸಾಹಸ ಬೇಡ. ಕೈಯೂ ಸುಡುತ್ತದೆ, ಹೆಡ್ಡಿನ ಥ್ರೆಡ್ಡೂ ಹಾಳಾಗಬಹುದು. ಕ್ಯಾಪ್ ಮಾತ್ರ ಎಳೆದು, ಅದಕ್ಕೆ ಜೊತೆಯಲ್ಲಿ ತಂದ ಪ್ಲಗ್ ಸಿಕ್ಕಿಸಿ. ಪ್ಲಗ್ಗಿನ ಲೋಹದ ಮೈ ಇಂಜಿನ್ ಹೆಡ್ಡಿಗೆ ಗಟ್ಟಿಯಾಗಿ ತಾಗುವ ಹಾಗೆ ಇಟ್ಟು, ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ಸರಿಯಾಗಿ ತಾಗದೆ ಕಿಕ್ ಹೊಡೆದರೆ ಸಿಡಿಐಗೆ ಏಟು ಬೀಳಬಹುದು. ಕೈಯಲ್ಲಿ ಹಿಡಿದುಕೊಂಡರೆ ಏಟು ನಿಮಗೇ. ಮಧ್ಯಾಹ್ನದ ಬಿಸಿಲಲ್ಲಿ ಕಿಡಿ ಕಾಣಿಸುವುದಿಲ್ಲ. ಟವೆಲ್ಲಿನ ನೆರಳು ಮಾಡಿ ನೋಡಿ, ಟಕ್ ಟಕ್ ಸದ್ದಿಗೆ ಕಿವಿ ಕೊಡಿ. ನೀಲಿಯಾಗಿ ಗಟ್ಟಿ ಕಿಡಿ ಬಂದರೆ ಈ ಕಡೆ ದೋಷವಿಲ್ಲ, ಪೆಟ್ರೋಲಿಗೆ ಹೋಗಿ. ಬರಲೇ ಇಲ್ಲವೆಂದರೆ, ಅಥವಾ ಕೆಂಪಗೆ ತೆಳ್ಳಗೆ ಬಿಟ್ಟು ಬಿಟ್ಟು ಬಂದರೆ, ಇಲ್ಲೇ ಇರಿ.

ಕಿಡಿ ಹುಟ್ಟುವುದು ಹೇಗೆ ಅಂತ ಸ್ವಲ್ಪ ತಿಳಿದಿದ್ದರೆ ಹುಡುಕುವುದು ಸಲೀಸು. ಹಳೇ ನೂರು ಸಿಸಿ ಗಾಡಿಗಳಲ್ಲಿ ಹೆಚ್ಚಿನವು ಎಸಿ ಸಿಡಿಐ. ಅಂದರೆ ಕಿಡಿಗೆ ಬ್ಯಾಟರಿ ಬೇಕಿಲ್ಲ. ಮ್ಯಾಗ್ನೆಟ್ ಒಳಗೆ ಒಂದು ಕಾಯಿಲ್ ಇರುತ್ತದೆ, ಅದು ಸಿಡಿಐ ಡಬ್ಬಿಯೊಳಗಿನ ಕೆಪಾಸಿಟರನ್ನು ತುಂಬಿಸುತ್ತದೆ. ಪಕ್ಕದಲ್ಲೇ ಪುಟ್ಟದಾದ ಪಲ್ಸರ್ ಕಾಯಿಲ್. ಮ್ಯಾಗ್ನೆಟ್ಟಿನ ಮೈಮೇಲಿನ ಉಬ್ಬು ಅದರ ಮುಂದೆ ಹಾದಾಗ "ಈಗ ಬಿಡು" ಅಂತ ಸಿಡಿಐಗೆ ಸನ್ನೆ ಮಾಡುತ್ತದೆ. ತುಂಬಿದ್ದೆಲ್ಲ ಒಂದೇ ಸಲ ಟ್ಯಾಂಕ್ ಕೆಳಗಿನ ಎಚ್‌ಟಿ ಕಾಯಿಲಿಗೆ ನುಗ್ಗಿ, ಅಲ್ಲಿಂದ ಪ್ಲಗ್ಗಿಗೆ ಸಾವಿರಾರು ವೋಲ್ಟ್ ಆಗಿ ಹೋಗುತ್ತದೆ. ಇವುಗಳಲ್ಲಿ ಯಾವುದು ಬಿಸಿಗೆ ಕೈಕೊಟ್ಟರೂ ಗಾಡಿ ಒಂದೇ ಏಟಿಗೆ ಆಫ್. ಬ್ಯಾಟರಿಯಿಂದ ನಡೆಯುವ ಡಿಸಿ ಸಿಡಿಐ ಇರುವ ಗಾಡಿಯಾದರೆ ಮೊದಲು ಬ್ಯಾಟರಿ ಮತ್ತು ಫ್ಯೂಸ್ ನೋಡಿ.

ಸುಲಭದ್ದು ಮೊದಲು. ಪ್ಲಗ್ ಕ್ಯಾಪನ್ನು ವೈರಿನಿಂದ ತಿರುಗಿಸಿ ತೆಗೆಯಿರಿ. ವೈರಿನ ತುದಿ ಕಪ್ಪಗೆ, ಹಸಿರಾಗಿ ಕಿಲುಬು ಹಿಡಿದಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಹಾಕಿ. ಕ್ಯಾಪಿನೊಳಗೆ ಸಾಮಾನ್ಯವಾಗಿ 5 ಕಿಲೋ ಓಮಿನ ರೆಸಿಸ್ಟರ್ ಇರುತ್ತದೆ, ಅದೂ ಬಿಸಿಗೆ ಬಾಯಿಬಿಡುವುದುಂಟು.

ಆಮೇಲೆ ಕೀ ಸ್ವಿಚ್. ಎಸಿ ಸಿಡಿಐ ಗಾಡಿಗಳಲ್ಲಿ ಕೀ ಆಫ್ ಮಾಡುವುದು ಅಂದರೆ ಸಿಡಿಐನ ಒಂದು ವೈರನ್ನು ಅರ್ತಿಗೆ, ಅಂದರೆ ಗಾಡಿಯ ಲೋಹದ ಮೈಗೆ ಮುಟ್ಟಿಸುವುದು. ಹೊಂಡಾ ಮೂಲದ ಇಂಜಿನ್‌ಗಳಲ್ಲಿ ಅದು ಕಪ್ಪು–ಬಿಳಿ ವೈರ್. ಹ್ಯಾಂಡಲ್ ಕುತ್ತಿಗೆ ಹತ್ತಿರ ಈ ವೈರಿನ ತೊಗಲು ಸವೆದು ಫ್ರೇಮಿಗೆ ತಾಗಿದರೆ, ಕೀ ಆನ್ ಇದ್ದರೂ ಗಾಡಿ ಆಫ್. ಹ್ಯಾಂಡಲ್ ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಹೋಗಿ ಬಂದು ಆಗುತ್ತಿದ್ದರೆ ಇದೇ. ಸಿಡಿಐ ಹತ್ತಿರ ಕಪ್ಪು–ಬಿಳಿ ವೈರನ್ನು ಬಿಡಿಸಿ ಕಿಡಿ ನೋಡಿ. ಬಂದರೆ ತಪ್ಪು ಸ್ವಿಚ್ ಅಥವಾ ಅದರ ವೈರಿಂಗಿನದ್ದು, ಕಾಯಿಲಿಗೆ ದುಡ್ಡು ಹಾಕಬೇಡಿ. ನೆನಪಿರಲಿ, ಆ ವೈರ್ ಬಿಡಿಸಿದ ಗಾಡಿ ಕೀ ತಿರುಗಿಸಿದರೆ ನಿಲ್ಲುವುದಿಲ್ಲ. ಬ್ರೇಕ್ ಹಿಡಿದು ಗೇರಿನಲ್ಲಿ ಕ್ಲಚ್ ಬಿಟ್ಟು ನಿಲ್ಲಿಸಬೇಕು.

ಒದ್ದೆ ಬಟ್ಟೆಯ ಉಪಾಯ ಇನ್ನು. ಮೀಟರ್ ಇಲ್ಲದವರಿಗೆ ಇದೇ ದೊಡ್ಡ ಆಯುಧ. ದೋಷ ಬಿಸಿಯಿಂದ ತಾನೇ? ಹಾಗಾದರೆ ಒಂದೊಂದೇ ಸಾಮಾನನ್ನು ತಣ್ಣಗೆ ಮಾಡಿ, ಯಾವುದಕ್ಕೆ ಕಿಡಿ ವಾಪಸ್ ಬರುತ್ತದೆ ನೋಡುವುದು. ಮೊದಲು ಸೈಡ್ ಕವರ್ ತೆಗೆದು ಸಿಡಿಐ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಒಂದೆರಡು ನಿಮಿಷ ಅದರ ಮೈಗೆ ಒತ್ತಿ ಹಿಡಿಯಿರಿ, ಕನೆಕ್ಟರಿಗೆ ನೀರು ಹೋಗಬಾರದು. ಕಿಡಿ ನೋಡಿ. ಬರಲಿಲ್ಲವಾ, ಮುಂದಿನದು ಎಚ್‌ಟಿ ಕಾಯಿಲ್. ಅದಕ್ಕೂ ಬರಲಿಲ್ಲವೆಂದರೆ ಮ್ಯಾಗ್ನೆಟ್ ಕವರಿನ ಮೇಲೆ ಒದ್ದೆ ಬಟ್ಟೆ. ಬೇಗ ಬೇಗ ಮಾಡಬೇಕು, ಇಲ್ಲದಿದ್ದರೆ ಎಲ್ಲವೂ ತಾನಾಗಿಯೇ ತಣ್ಣಗಾಗಿ ಲೆಕ್ಕ ತಪ್ಪುತ್ತದೆ. ಸಿಲಿಂಡರಿನ ಮೇಲೆ ಮಾತ್ರ ನೀರು ಸುರಿಯಬೇಡಿ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಸೀಳು ಬಿಡಬಹುದು.

ಮೀಟರ್ ಇದ್ದರೆ ಊಹೆಯೇ ಬೇಡ. ಸಿಡಿಐ ಕನೆಕ್ಟರ್ ಬಿಡಿಸಿ, ಗಾಡಿ ಕಡೆಯ ತುದಿಯಲ್ಲಿ ಅಳೆಯಿರಿ. ಹೊಂಡಾ ಮೂಲದ ಗಾಡಿಗಳಲ್ಲಿ ಪಲ್ಸರ್ ವೈರ್ ನೀಲಿ–ಹಳದಿ, ಮ್ಯಾಗ್ನೆಟ್ ಕಾಯಿಲಿನದು ಕಪ್ಪು–ಕೆಂಪು, ಎಚ್‌ಟಿ ಕಾಯಿಲಿಗೆ ಹೋಗುವುದು ಕಪ್ಪು–ಹಳದಿ, ಅರ್ತು ಹಸಿರು. ಬೇರೆ ಕಂಪನಿಗಳಲ್ಲಿ ಬಣ್ಣ ಬೇರೆ. ಪಲ್ಸರ್ ವೈರಿಗೂ ಅರ್ತಿಗೂ ನಡುವಿನ ಓಮ್ ಎಷ್ಟು ಅಂತ ಮನೆಯಲ್ಲಿ ತಣ್ಣಗಿದ್ದಾಗ ಒಮ್ಮೆ ಬರೆದಿಟ್ಟುಕೊಳ್ಳಿ. ಹೋಲಿಸಲು ನಿಮ್ಮದೇ ಗಾಡಿಯ ಅಂಕಿಗಿಂತ ಒಳ್ಳೆಯದು ಬೇರೆ ಇಲ್ಲ.

ಬಿಸಿಯಲ್ಲಿ ಅಂಕಿ ಸ್ವಲ್ಪ ಏರಿದ್ದರೆ ಗಾಬರಿ ಬೇಡ. ತಾಮ್ರದ ತಂತಿಯ ಗುಣವೇ ಅದು, ಪ್ರತಿ ಡಿಗ್ರಿಗೆ ಶೇಕಡ 0.4ರ ಹತ್ತಿರ ಏರುತ್ತದೆ. 30 ಡಿಗ್ರಿಯಲ್ಲಿ 120 ಓಮ್ ತೋರಿಸಿದ ಕಾಯಿಲ್ 90 ಡಿಗ್ರಿಯಲ್ಲಿ 145ರ ಆಸುಪಾಸು ತೋರಿಸುವುದು ಸಹಜ. ಅಂಕಿಯೇ ಬರದೆ ಮೀಟರ್ ಖಾಲಿ ನಿಂತರೆ ಮಾತ್ರ ತಂತಿ ಒಳಗೆಲ್ಲೋ ತುಂಡಾಗಿದೆ. ತಣ್ಣಗಿದ್ದಾಗ ತುಂಡಾದ ತುದಿಗಳು ತಾಗಿಕೊಂಡಿರುತ್ತವೆ, ಬಿಸಿಗೆ ಮೈ ಹಿಗ್ಗಿದಾಗ ಬೇರೆಯಾಗುತ್ತವೆ.

ನನ್ನ ಗಾಡಿಯಲ್ಲಿ ಆಗಿದ್ದು ಅದೇ. ಮನೆಯಲ್ಲಿ 118 ಓಮ್ ಬರೆದುಕೊಂಡಿದ್ದೆ. ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ನಿಂತು ಅಳೆದಾಗ ಮೀಟರ್ ಏನೂ ತೋರಿಸಲಿಲ್ಲ. ಮೀಟರಿನ ಕಡ್ಡಿ ಸರಿಯಾಗಿ ತಾಗಿಲ್ಲವೇನೋ ಅಂತ ಮೂರು ಸಲ ನೋಡಿದೆ. ಹಾಗೇ ಕಾದೆ. ಹನ್ನೆರಡನೇ ನಿಮಿಷಕ್ಕೆ ಒಮ್ಮೆಲೇ 131 ಅಂತ ಬಂತು. ಕನೆಕ್ಟರ್ ಸಿಕ್ಕಿಸಿ ಒಂದು ಕಿಕ್, ಗಾಡಿ ಸ್ಟಾರ್ಟ್. ಮೂರು ವಾರದ ಗೋಳಿಗೆ ಕಾರಣ ಹೆಬ್ಬೆರಳಷ್ಟು ದೊಡ್ಡ ಕಾಯಿಲ್.

ಪೆಟ್ರೋಲ್ ಕಡೆ

ಕಿಡಿ ಚೆನ್ನಾಗಿದ್ದರೆ ಕಾರ್ಬೊರೇಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ, ಬರುವುದನ್ನು ಬಾಟಲಿಗೆ ಹಿಡಿಯಿರಿ. ಮೊದಲು ತುಂಬಿದ್ದು ಸುರಿದು, ಆಮೇಲೂ ಒಂದೇ ಸಮ ಬರುತ್ತಿರಬೇಕು. ಹನಿಹನಿಯಾಗಿ ನಿಂತರೆ ಟ್ಯಾಪಿನ ಜಾಲರಿ, ಪೈಪ್, ಕಾರ್ಬೊರೇಟರಿನೊಳಗೆ ಪೆಟ್ರೋಲ್ ಬಿಡುವ ಫ್ಲೋಟ್ ಸೂಜಿ, ಈ ಮೂರರಲ್ಲಿ ಒಂದು ಕಟ್ಟಿಕೊಂಡಿದೆ. ಟ್ಯಾಪನ್ನು ರಿಸರ್ವಿಗೆ ತಿರುಗಿಸಿದಾಗ ಚೆನ್ನಾಗಿ ಬಂದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಕೆಳಮಟ್ಟಕ್ಕೆ ಬಂದಿದೆ ಅಷ್ಟೇ. ನಗಬೇಡಿ, ಇದಕ್ಕೇ ಗಾಡಿ ತಳ್ಳಿಕೊಂಡು ಹೋದವರನ್ನು ನೋಡಿದ್ದೇನೆ.

ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆ ಪದರ, ನಡುವೆ ಗೆರೆ ಕಂಡರೆ ನೀರು ಸೇರಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು, ಅಂದರೆ ಶೇಕಡ 20 ಎಥನಾಲ್. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರಿನ ಜೊತೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಟ್ಯಾಪ್ ಇರುವುದೂ ತಳದಲ್ಲೇ. ಮಳೆಗಾಲದಲ್ಲಿ ಗಾಡಿಯನ್ನು ವಾರಗಟ್ಟಲೆ ಹೊರಗೆ ನಿಲ್ಲಿಸುವವರು ಇದನ್ನು ನೋಡಿಕೊಳ್ಳಬೇಕು.

"ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ಗಾಳಿ ಹಿಡಿದಿದೆ" ಅಂತ ಬೇಸಿಗೆಯಲ್ಲಿ ಎಲ್ಲರೂ ಹೇಳುತ್ತಾರೆ. ಆಗುವುದೇ ಇಲ್ಲ ಅಂತಲ್ಲ. ಆದರೆ ಕಾರಣ ಗೊತ್ತಾಗದಿದ್ದಾಗ ಹೇಳುವ ಮಾತು ಅದು ಅಂತ ನನಗೆ ಅನುಮಾನ. ಪೈಪ್ ಗಿಡ್ಡವಾಗಿ ನೇರವಾಗಿ ಇಳಿದಿದ್ದರೆ, ಇಂಜಿನ್ನಿಗೆ ತಾಗದಿದ್ದರೆ, ಆವಿಯಾದದ್ದು ಮೇಲಕ್ಕೇ ಹೋಗಿಬಿಡುತ್ತದೆ. ಯಾರೋ ಉದ್ದದ ಅಗ್ಗದ ಪೈಪ್ ಹಾಕಿ, ಅದು ಸುರುಳಿಯಾಗಿ ಸಿಲಿಂಡರಿನ ಮೇಲೆ ಮಲಗಿದ್ದರೆ ಮಾತ್ರ ಆ ಮಾತು ನಿಜ. ಕತ್ತರಿಸಿ ಸರಿ ಮಾಡಿ.

ಪಲ್ಸರ್ ಬದಲಿಸುವಾಗ

ಬಹಳಷ್ಟು ಗಾಡಿಗಳಲ್ಲಿ ಪಲ್ಸರ್ ಮ್ಯಾಗ್ನೆಟ್ಟಿನ ಹೊರಗಡೆ ಇರುತ್ತದೆ. ಎಡಗಡೆಯ ಕವರ್ ತೆಗೆದರೆ ಎರಡು ಸ್ಕ್ರೂಗಳ ಕೆಲಸ, ಪುಲ್ಲರ್ (ಮ್ಯಾಗ್ನೆಟ್ ಎಳೆದು ತೆಗೆಯುವ ಸಾಧನ) ಬೇಡ. ಮ್ಯಾಗ್ನೆಟ್ ಒಳಗಿನ ಕಾಯಿಲ್ ಹೋಗಿದ್ದರೆ ಮಾತ್ರ ಪುಲ್ಲರ್ ಬೇಕಾಗಬಹುದು. ಸುತ್ತಿಗೆಯಲ್ಲಿ ಹೊಡೆದು ಮ್ಯಾಗ್ನೆಟ್ ತೆಗೆಯುವವರ ಕೈಗೆ ಗಾಡಿ ಕೊಡಬೇಡಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಲ್ಲೇ ನಿಲ್ಲಿಸಿ, ಕೆಲವು ಮಾಡೆಲ್‌ಗಳಲ್ಲಿ ಆ ಕವರಿನೊಳಗೆ ಆಯಿಲ್ ಇರುತ್ತದೆ. ಸೈಡ್ ಸ್ಟ್ಯಾಂಡ್ ಮೇಲೆ ಬಿಚ್ಚಿದರೆ ಅದೆಲ್ಲ ನೆಲಕ್ಕೆ. ಹೊಸ ಪ್ಯಾಕಿಂಗ್ ತಂದಿಟ್ಟುಕೊಳ್ಳಿ. ಪಲ್ಸರಿಗೂ ಮ್ಯಾಗ್ನೆಟ್ಟಿಗೂ ನಡುವಿನ ಸಂದು ಮೊದಲು ಇದ್ದಷ್ಟೇ ಇರಲಿ. ವೈರ್ ಹೊರಬರುವ ರಬ್ಬರ್ ಬುಚ್ಚು ಸರಿಯಾಗಿ ಕೂರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಹೊಸ ಕಥೆ ಶುರು.

ಅಂಗಡಿಯವರು ಕೆಲವೊಮ್ಮೆ ಪಲ್ಸರ್ ಒಂದೇ ಸಿಗಲ್ಲ, ಕಾಯಿಲ್‌ಗಳೆಲ್ಲ ಇರುವ ಪೂರ್ತಿ ಪ್ಲೇಟ್ ತಗೊಳ್ಳಿ ಅನ್ನುತ್ತಾರೆ. ಇನ್ನೆರಡು ಅಂಗಡಿ ಕೇಳಿ ನೋಡಿ. ತಂದದ್ದನ್ನು ಹಾಕುವ ಮೊದಲು ಮೀಟರಿನಲ್ಲಿ ಅಳೆದು, ಬಿಸಿನೀರಿನ ಲೋಟದ ಹೊರಮೈಗೆ ಐದು ನಿಮಿಷ ಒತ್ತಿ ಹಿಡಿದು ಮತ್ತೆ ಅಳೆಯಿರಿ. ನಾನು ತಂದ ಮೊದಲನೆಯದು ಡೂಪ್ಲಿಕೇಟ್. ಲೋಟದ ಬಿಸಿಗೇ ಅಂಕಿ ಕುಣಿಯಿತು, ವಾಪಸ್ ಕೊಟ್ಟು ಬಂದೆ. ಎರಡನೆಯದು ಪರೀಕ್ಷೆಯಲ್ಲಿ ಪಾಸಾಯಿತು.

ಅದಾಗಿ ಎರಡು ಬೇಸಿಗೆ ಕಳೆದಿದೆ. ಬಿಚ್ಚಿ ಹಾಕಿದ್ದ ಹಳೇ ಸಿಡಿಐಯನ್ನು ಒಂದು ಭಾನುವಾರ ಸುಮ್ಮನೆ ಮತ್ತೆ ಸಿಕ್ಕಿಸಿ ಚಿತ್ರದುರ್ಗದವರೆಗೆ ಹೋಗಿ ಬಂದೆ. ಎಲ್ಲೂ ನಿಲ್ಲಲಿಲ್ಲ. ಈಗ ಅದು ಸೈಡ್ ಡಬ್ಬಿಯಲ್ಲಿ, ಇನ್ನೊಂದು ಪ್ಲಗ್ಗಿನ ಪಕ್ಕದಲ್ಲಿ ಬಟ್ಟೆ ಸುತ್ತಿಕೊಂಡು ಕೂತಿದೆ.